ಫ್ರೆಡರಿಕ್ ಬ್ಯಾಂಟಿಂಗ್

ಮನುಷ್ಯನನ್ನು ಅನಾದಿಕಾಲದಿಂದ ಕಾಡಿದ ರೋಗಗಳಲ್ಲಿ ಮಧುಮೇಹವೂ ಒಂದು. ನಮ್ಮ ದೇಶದ ಪ್ರಾಚೀನ ವೈದ್ಯರು ಈ ರೋಗದ ಲಕ್ಷಣಗಳನ್ನು ಬಲ್ಲವರಾಗಿದ್ದರು. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗಿರುವುದನ್ನೂ ಅದಕ್ಕೆ ಇರುವೆಗಳು ಮುತ್ತುವುದನ್ನೂ ಗಮನಿಸಿ ಅವರು ಇದಕ್ಕೆ ಮಧುಮೇಹವೆಂಬ ಹೆಸರನ್ನು ಕೊಟ್ಟರು. ಲಕ್ಷಣಗಳು ತಿಳಿದಿದ್ದರೂ ರೋಗದ ಮೂಲ ಎಲ್ಲಿದೆ ಎಂಬುದು ಮಾತ್ರ ಸಾವಿರಾರು ವರ್ಷಗಳ ಕಾಲ ಯಾರಿಗೂ ತಿಳಿಯಲಿಲ್ಲ.

ನಮ್ಮ ಜಠರದ ಹಿಂಭಾಗದಲ್ಲಿ ಎಲೆಯಾಕಾರದ ಒಂದು ಗ್ರಂಥಿಯಿದೆ. ಅದೇ ಮೇದೋಜೀರಕ ಗ್ರಂಥಿ. ಅದು ಆಹಾರವನ್ನು ಅರಗಿಸುವ ರಸವನ್ನು ಉತ್ಪಾದಿಸಿ ಸಣ್ಣಕರುಳಿಗೆ ಹರಿಸುತ್ತದೆ. ೧೮೬೯ರಲ್ಲಿ ಪಾಲ್ ಲಾಂಗರ್‌ಹಾನ್ಸ್ ಎಂಬ ಜರ್ಮನಿಯ ತರುಣ ವಿದ್ಯಾರ್ಥಿಯು ಈ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ, ಸಮುದ್ರದ ನಡುವೆ ದ್ವೀಪಗಳಿರುವಂತೆ ಅಲ್ಲಲ್ಲಿ ಚದರಿದ್ದ ಬೇರೊಂದು ಬಗೆಯ ಜೀವಕೋಶಗಳ ಗುಂಪುಗಳನ್ನು ಕಂಡನು. ಅವುಗಳ ಕೆಲಸವೇನೆಂಬುದು ಅವನಿಗೆ ತಿಳಿಯಲಿಲ್ಲ. ಇಪ್ಪತ್ತು ವರ್ಷಗಳ ಅನಂತರ, ೧೮೮೯ರಲ್ಲಿ, ಸ್ಟ್ರಾಸ್‌ಬರ್ಗ್ ನಗರದಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್ ಎಂಬ ವಿಜ್ಞಾನಿಗಳು ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದರು. ಆ ನಾಯಿಗೆ ತೀವ್ರವಾದ ಮಧುಮೇಹವುಂಟಾಯಿತು. ಇದರಿಂದ ರೋಗದ ನೆಲೆ ಯಾವುದೆಂಬುದು ಬಯಲಾಯಿತು. ಗ್ರಂಥಿಯೊಳಗಿನ ಆ ಕಿರುದ್ವೀಪಗಳು ರಕ್ತದಲ್ಲಿನ ಸಕ್ಕರೆಯನ್ನು ಹತೋಟಿಯಲ್ಲಿಡುವ ಯಾವುದೋ ವಸ್ತುವನ್ನು ಸ್ರವಿಸುತ್ತಿರಬೇಕೆಂದು ಪಂಡಿತರು ಊಹಿಸಿದರು. ಆದರೆ ಆ ವಸ್ತುವನ್ನು ಹೊರತೆಗೆದು ರೋಗಿಗೆ ಕೊಡುವ ಪ್ರಯತ್ನಗಳೆಲ್ಲ ಒಂದರ ಮೇಲೊಂದು ವಿಫಲವಾದವು.

ಆ ಕಾಲದಲ್ಲಿ ಎಳೆಯ ವಯಸ್ಸಿನಲ್ಲಿ ಮಧುಮೇಹ ತಗಲಿತೆಂದರೆ ಅದು ಮರಣಶಾಸನವೇ ಆಗಿತ್ತು. ವೈದ್ಯರಿಗೆ ತಿಳಿದಿದ್ದ ಒಂದೇ ಉಪಾಯವೆಂದರೆ ಉಪವಾಸ. ಆಹಾರವನ್ನು ಅತಿಯಾಗಿ ಕಡಮೆ ಮಾಡಿದರೆ ರೋಗಿಯು ಕೆಲವು ತಿಂಗಳುಗಳೋ ಒಂದೆರಡು ವರ್ಷಗಳೋ ಹೆಚ್ಚಾಗಿ ಬದುಕುತ್ತಿದ್ದನು. ಎಲುಬುಗೂಡಿನಂತಾದ ಮಕ್ಕಳು ಆಸ್ಪತ್ರೆಯ ಹಾಸಿಗೆಯ ಮೇಲೆ ಹಸಿವಿನಿಂದ ಕೊರಗುತ್ತಿರುವುದನ್ನು ತಂದೆತಾಯಿಗಳು ಅಸಹಾಯರಾಗಿ ನೋಡಬೇಕಾಗಿತ್ತು. ಈ ಘೋರ ಸ್ಥಿತಿಯನ್ನು ಕೊನೆಗಾಣಿಸಿದ ಕಾರ್ಯಕ್ಕೆ ನಾಂದಿ ಹಾಡಿದವನೇ ಫ್ರೆಡರಿಕ್ ಬ್ಯಾಂಟಿಂಗ್.

ಬ್ಯಾಂಟಿಂಗನು ೧೮೯೧ನೆಯ ನವೆಂಬರ್ ೧೪ರಂದು ಕೆನಡಾ ದೇಶದ ಆಂಟೇರಿಯೋ ಪ್ರಾಂತದ ಆಲಿಸ್ಟನ್ ಎಂಬ ಊರಿನ ಬಳಿ, ಒಂದು ಒಕ್ಕಲುತನದ ಮನೆಯಲ್ಲಿ ಹುಟ್ಟಿದನು. ಐವರು ಮಕ್ಕಳಲ್ಲಿ ಅವನೇ ಕಿರಿಯವನು. ಹೊಲದ ಕೆಲಸ, ದನಕರುಗಳ ಆರೈಕೆ ಇವುಗಳ ನಡುವೆ ಅವನ ಬಾಲ್ಯ ಕಳೆಯಿತು. ಓದಿನಲ್ಲಿ ಅವನು ಅಸಾಧಾರಣ ಪ್ರತಿಭಾವಂತನೇನೂ ಆಗಿರಲಿಲ್ಲ. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಕಲಾ ವಿಭಾಗವನ್ನು ಸೇರಿ ಮೊದಲ ವರ್ಷದ ಪರೀಕ್ಷೆಯಲ್ಲಿಯೇ ಅನುತ್ತೀರ್ಣನಾದನು. ಆದರೂ ಧೈರ್ಯಗೆಡದೆ ೧೯೧೨ರಲ್ಲಿ ವೈದ್ಯಕೀಯ ವಿಭಾಗಕ್ಕೆ ಸೇರಿದನು. ಹಿಡಿದ ಕೆಲಸವನ್ನು ಬಿಡದ ಛಲ, ದೈಹಿಕ ಶ್ರಮಕ್ಕೆ ಅಂಜದ ಮನಸ್ಸು, ಇವೆರಡೇ ಅವನ ಬಂಡವಾಳವಾಗಿದ್ದವು.

ಆಗ ಮೊದಲನೆಯ ಮಹಾಯುದ್ಧವು ನಡೆಯುತ್ತಿತ್ತು. ಸೈನ್ಯಕ್ಕೆ ವೈದ್ಯರ ಅಗತ್ಯವಿದ್ದುದರಿಂದ ವಿದ್ಯಾರ್ಥಿಗಳ ಅಭ್ಯಾಸವನ್ನು ಬೇಗನೆ ಮುಗಿಸಲಾಯಿತು. ೧೯೧೬ರಲ್ಲಿ ಪದವಿಯನ್ನು ಪಡೆದ ಬ್ಯಾಂಟಿಂಗನು ಸೈನ್ಯದ ವೈದ್ಯದಳವನ್ನು ಸೇರಿ ಯೂರೋಪಿಗೆ ತೆರಳಿದನು. ೧೯೧೮ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಕ್ಯಾಂಬ್ರೆ ನಗರದ ಬಳಿ ನಡೆದ ಕದನದಲ್ಲಿ ಸಿಡಿಗುಂಡಿನ ಚೂರೊಂದು ಅವನ ಬಲತೋಳನ್ನು ಹೊಕ್ಕಿತು. ಆ ಗಾಯದ ನೋವನ್ನು ನುಂಗಿಕೊಂಡು ಅವನು ಗಂಟೆಗಟ್ಟಲೆ ಗಾಯಾಳು ಸೈನಿಕರ ಶುಶ್ರೂಷೆಯನ್ನು ಮುಂದುವರಿಸಿದನು. ಈ ಶೌರ್ಯಕ್ಕಾಗಿ ಅವನಿಗೆ ಮಿಲಿಟರಿ ಕ್ರಾಸ್ ಎಂಬ ಪದಕ ದೊರೆಯಿತು.

ಯುದ್ಧದಿಂದ ಹಿಂದಿರುಗಿದ ವೀರನಿಗೆ ಬದುಕಿನ ಹಾದಿ ಸುಗಮವಾಗಿರಲಿಲ್ಲ. ಟೊರಾಂಟೋ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯದ ತರಬೇತಿಯನ್ನು ಪಡೆದರೂ ಅಲ್ಲಿ ಅವನಿಗೆ ಕಾಯಂ ಉದ್ಯೋಗ ಸಿಕ್ಕಲಿಲ್ಲ. ೧೯೨೦ರ ಜುಲೈನಲ್ಲಿ ಅವನು ಆಂಟೇರಿಯೋ ಪ್ರಾಂತದಲ್ಲಿಯೇ ಇರುವ ಲಂಡನ್ ಎಂಬ ಪಟ್ಟಣಕ್ಕೆ ಹೋಗಿ ಸ್ವಂತ ವೈದ್ಯಶಾಲೆಯನ್ನು ತೆರೆದನು. ದಿನವೂ ಬಾಗಿಲನ್ನು ತೆರೆದು ಕುಳಿತರೂ ರೋಗಿಗಳು ಬರಲಿಲ್ಲ. ಮೊದಲ ತಿಂಗಳ ಅವನ ಸಂಪಾದನೆ ಕೇವಲ ನಾಲ್ಕು ಡಾಲರು. ಹೊಟ್ಟೆಪಾಡಿಗಾಗಿ ಅವನು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಅರೆಕಾಲದ ಬೋಧಕನಾಗಿ ಸೇರಿಕೊಂಡನು. ಬಡತನವು ಒಡ್ಡಿದ ಈ ಚಿಕ್ಕ ಕೆಲಸವೇ ಅವನ ಬಾಳಿನ ತಿರುವಿಗೆ ಕಾರಣವಾಯಿತು.

೧೯೨೦ರ ಅಕ್ಟೋಬರ್ ೩೦ರ ರಾತ್ರಿ. ಶರೀರವು ಸಕ್ಕರೆಯನ್ನು ಹೇಗೆ ಬಳಸಿಕೊಳ್ಳುತ್ತದೆ ಎಂಬುದರ ಬಗೆಗೆ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಬ್ಯಾಂಟಿಂಗನು ಸಿದ್ಧತೆ ಮಾಡಿಕೊಂಡಿದ್ದನು. ಮಲಗುವ ಮುನ್ನ ವೈದ್ಯಪತ್ರಿಕೆಯೊಂದರಲ್ಲಿ ಮೋಸೆಸ್ ಬ್ಯಾರನ್ ಎಂಬ ವೈದ್ಯನು ಬರೆದಿದ್ದ ಲೇಖನವನ್ನು ಓದಿದನು. ಮೇದೋಜೀರಕ ಗ್ರಂಥಿಯ ನಾಳವು ಕಲ್ಲಿನಿಂದ ಮುಚ್ಚಿಹೋದಾಗ, ಜೀರ್ಣರಸವನ್ನು ತಯಾರಿಸುವ ಕೋಶಗಳು ನಶಿಸುತ್ತವೆಂದೂ ಕಿರುದ್ವೀಪಗಳು ಮಾತ್ರ ಬಹುಮಟ್ಟಿಗೆ ಉಳಿಯುತ್ತವೆಂದೂ ಆ ಲೇಖನದಲ್ಲಿತ್ತು. ಬ್ಯಾಂಟಿಂಗನಿಗೆ ನಿದ್ರೆ ಹತ್ತಲಿಲ್ಲ. ಗ್ರಂಥಿಯನ್ನು ಅರೆದು ಸಾರವನ್ನು ತೆಗೆಯುವಾಗ ಜೀರ್ಣರಸವೇ ಆ ಅಮೂಲ್ಯ ವಸ್ತುವನ್ನು ನಾಶಮಾಡುತ್ತಿರಬಹುದು. ನಾಳವನ್ನು ಕಟ್ಟಿ ಆ ಕೋಶಗಳನ್ನು ಮೊದಲೇ ಕುಗ್ಗಿಸಿಬಿಟ್ಟರೆ ದ್ವೀಪಗಳ ಸ್ರಾವವು ಶುದ್ಧವಾಗಿ ದೊರೆಯಬಹುದು. ಈ ವಿಚಾರವು ಹೊಳೆದೊಡನೆ ಅವನು ನಡುರಾತ್ರಿಯಲ್ಲಿ ಎದ್ದು ಅದನ್ನು ಕೆಲವೇ ಪದಗಳಲ್ಲಿ ಗುರುತು ಹಾಕಿಕೊಂಡನು.

ನವೆಂಬರ್ ತಿಂಗಳಿನಲ್ಲಿ ಅವನು ಟೊರಾಂಟೋಗೆ ಹೋಗಿ ಅಲ್ಲಿನ ಶರೀರಶಾಸ್ತ್ರದ ಪ್ರಾಧ್ಯಾಪಕನಾದ ಮೆಕ್ಲೌಡನನ್ನು ಕಂಡನು. ಸ್ಕಾಟ್ಲೆಂಡಿನವನಾದ ಮೆಕ್ಲೌಡನು ಶರೀರದಲ್ಲಿ ಸಕ್ಕರೆಯು ಬಳಕೆಯಾಗುವ ವಿಷಯದಲ್ಲಿ ಪ್ರಸಿದ್ಧ ವಿದ್ವಾಂಸ. ಸಂಶೋಧನೆಯ ಅನುಭವವೇ ಇಲ್ಲದ ಈ ಹಳ್ಳಿಗಾಡಿನ ಶಸ್ತ್ರವೈದ್ಯನ ಮಾತಿನಲ್ಲಿ ಅವನಿಗೆ ಹೆಚ್ಚಿನ ವಿಶ್ವಾಸ ಮೂಡಲಿಲ್ಲ. ಆದರೂ ಅವನು ಪೂರ್ತಿಯಾಗಿ ನಿರಾಕರಿಸಲಿಲ್ಲ. ಮುಂದಿನ ಬೇಸಗೆಯಲ್ಲಿ ಒಂದು ಪ್ರಯೋಗಶಾಲೆಯನ್ನೂ ಕೆಲವು ನಾಯಿಗಳನ್ನೂ ಒಬ್ಬ ಸಹಾಯಕನನ್ನೂ ಒದಗಿಸಿದನು. ಆ ಸಹಾಯಕನೇ ಚಾರ್ಲ್ಸ್ ಬೆಸ್ಟ್. ಆಗ ಅವನಿಗೆ ೨೨ ವರ್ಷ, ಬ್ಯಾಂಟಿಂಗನಿಗೆ ೨೯ ವರ್ಷ. ಒಬ್ಬನಿಗೆ ಶಸ್ತ್ರಕ್ರಿಯೆ ಗೊತ್ತಿತ್ತು. ಇನ್ನೊಬ್ಬನಿಗೆ ರಕ್ತದಲ್ಲಿನ ಸಕ್ಕರೆಯನ್ನು ಅಳೆಯುವ ವಿಧಾನ ಗೊತ್ತಿತ್ತು.

೧೯೨೧ರ ಮೇ ೧೭ರಂದು ಕೆಲಸ ಪ್ರಾರಂಭವಾಯಿತು. ಆ ಬೇಸಗೆಯ ಬಿಸಿಲು ಬಲು ಕಠಿಣವಾಗಿತ್ತು. ಕೆಲವು ನಾಯಿಗಳ ಗ್ರಂಥಿನಾಳವನ್ನು ಕಟ್ಟುವುದು, ಬೇರೆ ಕೆಲವು ನಾಯಿಗಳ ಗ್ರಂಥಿಯನ್ನೇ ತೆಗೆದು ಅವುಗಳಿಗೆ ಮಧುಮೇಹವನ್ನುಂಟುಮಾಡುವುದು, ಅನಂತರ ಮೊದಲಿನವುಗಳ ಗ್ರಂಥಿಯಿಂದ ತೆಗೆದ ಸಾರವನ್ನು ಎರಡನೆಯವುಗಳಿಗೆ ಚುಚ್ಚಿ ನೋಡುವುದು, ಇದು ಅವರ ಕ್ರಮ. ಮೊದಮೊದಲು ಶಸ್ತ್ರಕ್ರಿಯೆಗಳು ಕೆಟ್ಟು ಅನೇಕ ನಾಯಿಗಳು ಸತ್ತವು. ಮೆಕ್ಲೌಡನು ರಜೆಗಾಗಿ ತಾಯ್ನಾಡಿಗೆ ಹೋಗಿದ್ದನು. ಬ್ಯಾಂಟಿಂಗನಿಗೆ ಸಂಬಳವೂ ಇರಲಿಲ್ಲ. ಆದರೂ ಇಬ್ಬರು ತರುಣರು ಎದೆಗುಂದಲಿಲ್ಲ. ಜುಲೈ ೩೦ರಂದು ಅವರು ಮಧುಮೇಹವುಳ್ಳ ನಾಯಿಯೊಂದಕ್ಕೆ ತಮ್ಮ ಸಾರವನ್ನು ಚುಚ್ಚಿದರು. ಅದರ ರಕ್ತದಲ್ಲಿನ ಸಕ್ಕರೆ ಇಳಿಯಿತು! ಆ ನಾಯಿ ಬಹುಕಾಲ ಬದುಕಲಿಲ್ಲವಾದರೂ ಹಾದಿ ಕಾಣಿಸಿತು. ಈ ಸಂಶೋಧನೆಯಲ್ಲಿ ಪ್ರಾಣ ತೆತ್ತ ಮೂಕಪ್ರಾಣಿಗಳ ಋಣವನ್ನು ಮನುಷ್ಯಕುಲವು ಮರೆಯುವಂತಿಲ್ಲ.

ನಾಳವನ್ನು ಕಟ್ಟಿ ವಾರಗಟ್ಟಲೆ ಕಾಯುವುದು ತಡವಾಗುತ್ತಿತ್ತು. ಆಗ ಬ್ಯಾಂಟಿಂಗನ ನೆರವಿಗೆ ಬಂದುದು ಒಕ್ಕಲುಮಗನಾಗಿ ಅವನು ಕಲಿತಿದ್ದ ದನಕರುಗಳ ತಿಳಿವಳಿಕೆ. ಇನ್ನೂ ಹುಟ್ಟದ ಕರುವಿನ ಗ್ರಂಥಿಯಲ್ಲಿ ಜೀರ್ಣರಸವು ಬಲಗೊಂಡಿರುವುದಿಲ್ಲ, ಕಿರುದ್ವೀಪಗಳು ಮಾತ್ರ ಹೇರಳವಾಗಿರುತ್ತವೆ ಎಂದು ಅವನು ತರ್ಕಿಸಿದನು. ಕಸಾಯಿಖಾನೆಯಿಂದ ಅಂಥ ಗ್ರಂಥಿಗಳನ್ನು ತಂದು ಪರೀಕ್ಷಿಸಿದಾಗ ಅವನ ಊಹೆ ನಿಜವಾಯಿತು. ಮುಂದೆ ಡಿಸೆಂಬರಿನಲ್ಲಿ, ಬೆಳೆದ ದನದ ಗ್ರಂಥಿಯಿಂದಲೂ ಮದ್ಯಸಾರದ ಸಹಾಯದಿಂದ ಅದೇ ಸಾರವನ್ನು ತೆಗೆಯಬಹುದೆಂಬುದು ಗೊತ್ತಾಯಿತು. ಹಾಗಾದರೆ ನಾಳವನ್ನು ಕಟ್ಟುವ ಅಗತ್ಯವೇ ಇರಲಿಲ್ಲ. ಯಾವ ವಿಚಾರವು ಬ್ಯಾಂಟಿಂಗನನ್ನು ನಡುರಾತ್ರಿಯಲ್ಲಿ ಎಬ್ಬಿಸಿತೋ ಅದು ಅನಾವಶ್ಯಕವೆಂದು ತೋರಿತು. ಆದರೆ ಆ ವಿಚಾರವಿಲ್ಲದಿದ್ದರೆ ಅವನು ಈ ದಾರಿಯಲ್ಲಿ ಹೆಜ್ಜೆಯಿಡುತ್ತಲೇ ಇರಲಿಲ್ಲ.

ಅದೇ ಡಿಸೆಂಬರಿನಲ್ಲಿ ನಾಲ್ಕನೆಯವನಾದ ಜೇಮ್ಸ್ ಕಾಲಿಪನು ತಂಡವನ್ನು ಸೇರಿದನು. ಅವನು ಪಶ್ಚಿಮ ಕೆನಡಾದ ಎಡ್ಮಂಟನ್ ನಗರದಲ್ಲಿರುವ ಆಲ್ಬರ್ಟಾ ವಿಶ್ವವಿದ್ಯಾನಿಲಯದಿಂದ ಬಂದಿದ್ದ ನುರಿತ ಜೀವರಸಾಯನ ಶಾಸ್ತ್ರಜ್ಞ. ಸಾರವನ್ನು ಶುದ್ಧಿಗೊಳಿಸುವ ಹೊಣೆ ಅವನದಾಯಿತು.

ತಂಡವೇನೋ ಕೂಡಿತು, ಮನಸ್ಸುಗಳು ಕೂಡಲಿಲ್ಲ. ಡಿಸೆಂಬರ್ ೩೦ರಂದು ಅಮೆರಿಕದ ನ್ಯೂ ಹೇವನ್ ನಗರದ ವಿದ್ವತ್ಸಭೆಯಲ್ಲಿ ಬ್ಯಾಂಟಿಂಗನು ತನ್ನ ಪ್ರಯೋಗಗಳನ್ನು ವಿವರಿಸಲು ನಿಂತಾಗ ಸಭಾಕಂಪದಿಂದ ತೊದಲಿದನು. ವಿದ್ವಾಂಸರ ಪ್ರಶ್ನೆಗಳಿಗೆ ಮೆಕ್ಲೌಡನೇ ಉತ್ತರ ಹೇಳಬೇಕಾಯಿತು. ತನ್ನ ಶ್ರಮದ ಫಲವನ್ನು ಮೆಕ್ಲೌಡನು ಕಸಿದುಕೊಳ್ಳುತ್ತಿದ್ದಾನೆಂಬ ಸಂಶಯ ಬ್ಯಾಂಟಿಂಗನ ಮನಸ್ಸನ್ನು ಹೊಕ್ಕಿತು. ಹುಟ್ಟಾ ಮುಂಗೋಪಿಯಾದ ಅವನಿಗೆ ಕಾಲಿಪನೊಡನೆಯೂ ಕಲಹವಾಯಿತು. ಅದು ಕೈಕೈ ಮಿಲಾಯಿಸುವವರೆಗೂ ಹೋಯಿತೆಂದು ಅವರ ಚರಿತ್ರೆಯನ್ನು ಬರೆದವರು ತಿಳಿಸುತ್ತಾರೆ. ಮಹಾಕಾರ್ಯವನ್ನು ಸಾಧಿಸಿದವರೂ ನಮ್ಮಂತೆಯೇ ರಾಗದ್ವೇಷಗಳಿಗೆ ಒಳಗಾದ ಮನುಷ್ಯರು ಎಂಬುದನ್ನು ನಾವು ಮರೆಯಬಾರದು. ಕೊನೆಗೆ ೧೯೨೨ರ ಜನವರಿ ೨೫ರಂದು ಅವರೆಲ್ಲರೂ ಒಪ್ಪಂದವೊಂದಕ್ಕೆ ರುಜು ಹಾಕಿ, ಒಬ್ಬರನ್ನೊಬ್ಬರು ಬಿಟ್ಟು ಹಕ್ಕುಪತ್ರ ಪಡೆಯುವುದಿಲ್ಲವೆಂದು ಮಾತು ಕೊಟ್ಟರು.

ಈ ಕಲಹಗಳ ನಡುವೆಯೇ ಚರಿತ್ರಾರ್ಹವಾದ ಘಟನೆಯೊಂದು ಜರುಗಿತು. ಟೊರಾಂಟೋ ಜನರಲ್ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ ೧೪ ವರ್ಷದ ಹುಡುಗನು ಮಧುಮೇಹದಿಂದ ಸಾವಿನ ಅಂಚನ್ನು ತಲಪಿದ್ದನು. ಅವನ ತೂಕ ಸುಮಾರು ೨೯ ಕಿಲೋಗ್ರಾಮು ಮಾತ್ರ. ೧೯೨೨ರ ಜನವರಿ ೧೧ರಂದು ಬ್ಯಾಂಟಿಂಗ್ ಮತ್ತು ಬೆಸ್ಟರು ತಯಾರಿಸಿದ ಸಾರವನ್ನು ಅವನಿಗೆ ಚುಚ್ಚಲಾಯಿತು. ಸಕ್ಕರೆ ಸ್ವಲ್ಪ ಇಳಿಯಿತಾದರೂ ಸಾರದಲ್ಲಿದ್ದ ಕಲ್ಮಷದಿಂದ ಚುಚ್ಚಿದ ಜಾಗದಲ್ಲಿ ಬಾವು ಎದ್ದಿತು. ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಕಾಲಿಪನು ಹಗಲಿರುಳೂ ದುಡಿದು ಶುದ್ಧವಾದ ಸಾರವನ್ನು ಸಿದ್ಧಪಡಿಸಿದನು. ಜನವರಿ ೨೩ರಿಂದ ಆ ಸಾರವನ್ನು ಕೊಡತೊಡಗಿದಾಗ ಹುಡುಗನ ಮೂತ್ರದಲ್ಲಿದ್ದ ಸಕ್ಕರೆ ಹೆಚ್ಚುಕಡಮೆ ಮಾಯವಾಯಿತು. ಬಾಡಿದ ಮುಖದಲ್ಲಿ ಕಳೆ ಮೂಡಿತು. ಅವನು ಮುಂದೆ ೧೩ ವರ್ಷ ಬದುಕಿದನು. ದ್ವೀಪವೆಂಬ ಅರ್ಥವುಳ್ಳ ಲ್ಯಾಟಿನ್ ಪದದಿಂದ ಈ ವಸ್ತುವಿಗೆ ಇನ್ಸುಲಿನ್ ಎಂಬ ಹೆಸರಾಯಿತು.

ಸುದ್ದಿ ಹರಡಿತು. ರೋಗಿಗಳು ಟೊರಾಂಟೋಗೆ ಧಾವಿಸಿದರು. ಆದರೆ ಹೆಚ್ಚು ಪ್ರಮಾಣದಲ್ಲಿ ತಯಾರಿಸಹೊರಟಾಗ ಇನ್ಸುಲಿನ್ ಕೈಗೆ ಸಿಕ್ಕದೆ ಹೋಯಿತು. ಯಾವ ಹದದಲ್ಲಿ ತಪ್ಪಾಗುತ್ತಿದೆಯೆಂದು ತಿಳಿಯದೆ ಹಲವು ವಾರಗಳು ಆತಂಕದಲ್ಲಿ ಕಳೆದವು. ತಂಡದವರೆಲ್ಲ ಮತ್ತೆ ದುಡಿದು ಆ ವಿಧಾನವನ್ನು ಪುನಃ ಕಂಡುಕೊಂಡರು. ಅನಂತರ ಅಮೆರಿಕದ ಎಲಿ ಲಿಲ್ಲಿ ಎಂಬ ಔಷಧ ಸಂಸ್ಥೆಯ ನೆರವಿನಿಂದ ದನ ಮತ್ತು ಹಂದಿಗಳ ಗ್ರಂಥಿಗಳಿಂದ ಹೇರಳವಾಗಿ ಇನ್ಸುಲಿನ್ನನ್ನು ತಯಾರಿಸುವುದು ಸಾಧ್ಯವಾಯಿತು. ೧೯೨೨ರ ಆಗಸ್ಟಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿಯ ಮಗಳು ಎಲಿಜಬೆತ್ ಹ್ಯೂಸ್ ಬ್ಯಾಂಟಿಂಗನ ಬಳಿಗೆ ಬಂದಳು. ಉಪವಾಸದ ಚಿಕಿತ್ಸೆಯಿಂದ ಆಕೆಯ ತೂಕ ಸುಮಾರು ೨೦ ಕಿಲೋಗ್ರಾಮಿಗೆ ಇಳಿದಿತ್ತು. ಆಕೆಯು ಚೇತರಿಸಿಕೊಂಡು, ಮದುವೆಯಾಗಿ, ಮಕ್ಕಳನ್ನು ಪಡೆದು, ೧೯೮೧ರವರೆಗೆ ಬಾಳಿದಳು. ಬ್ಯಾಂಟಿಂಗನ ಸಹಪಾಠಿಯಾಗಿದ್ದ ವೈದ್ಯ ಜೋ ಗಿಲ್‌ಕ್ರಿಸ್ಟ್ ಸಹ ಮಧುಮೇಹಿಯಾಗಿದ್ದನು. ಅವನೂ ಇನ್ಸುಲಿನ್ನಿನಿಂದ ಬದುಕಿಕೊಂಡು, ತನ್ನಂಥ ರೋಗಿಗಳ ಆರೈಕೆಗೆ ನಿಂತನು.

ಇಂಥ ಔಷಧದಿಂದ ಕೋಟ್ಯಂತರ ಹಣವನ್ನು ಗಳಿಸುವುದು ಕಷ್ಟವಾಗಿರಲಿಲ್ಲ. ಆದರೆ ರೋಗಿಯ ಪ್ರಾಣವನ್ನು ಉಳಿಸುವ ವಸ್ತುವಿನಿಂದ ಲಾಭ ಪಡೆಯುವುದು ವೈದ್ಯಧರ್ಮಕ್ಕೆ ಸಲ್ಲದೆಂದು ಬ್ಯಾಂಟಿಂಗನು ನಂಬಿದ್ದನು. ಅವನೂ ಬೆಸ್ಟನೂ ಕಾಲಿಪನೂ ತಮ್ಮ ಹಕ್ಕುಗಳನ್ನು ತಲಾ ಒಂದೊಂದು ಡಾಲರಿಗೆ ಟೊರಾಂಟೋ ವಿಶ್ವವಿದ್ಯಾನಿಲಯಕ್ಕೆ ಬರೆದುಕೊಟ್ಟರು. ಬೇರೆ ಯಾರೂ ಅದನ್ನು ತಮ್ಮೊಬ್ಬರ ಸೊತ್ತನ್ನಾಗಿ ಮಾಡಿಕೊಳ್ಳಬಾರದೆಂಬುದೇ ಅವರ ಉದ್ದೇಶ. ಮಾನವಕೋಟಿಗೆ ಸಂದ ದಾನಗಳಲ್ಲಿ ಈ ಮೂರು ಡಾಲರುಗಳ ವ್ಯವಹಾರಕ್ಕೆ ಸಾಟಿಯಾದುದು ವಿರಳ.

೧೯೨೩ರಲ್ಲಿ ಬ್ಯಾಂಟಿಂಗ್ ಮತ್ತು ಮೆಕ್ಲೌಡರಿಗೆ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಘೋಷಿಸಲಾಯಿತು. ಬೆಸ್ಟನ ಹೆಸರನ್ನು ಕೈಬಿಟ್ಟುದನ್ನು ಕಂಡು ಬ್ಯಾಂಟಿಂಗನು ಕೆರಳಿದನು. ಆದರೂ ಪಾರಿತೋಷಕವನ್ನು ಸ್ವೀಕರಿಸಿ, ತನ್ನ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟನಿಗೆ ಕೊಟ್ಟನು. ಮೆಕ್ಲೌಡನೂ ತನ್ನ ಪಾಲಿನ ಅರ್ಧವನ್ನು ಕಾಲಿಪನಿಗೆ ಹಂಚಿದನು. ಹೀಗೆ ಇಬ್ಬರಿಗೆ ಬಂದ ಗೌರವವು ನಾಲ್ವರದಾಯಿತು. ಇದೇ ಕಾಲದಲ್ಲಿ ರುಮೇನಿಯಾ ದೇಶದ ಪೌಲೆಸ್ಕೂ ಎಂಬ ವಿಜ್ಞಾನಿಯೂ ಇಂಥದೇ ಸಾರವನ್ನು ತಯಾರಿಸಿ ೧೯೨೧ರಲ್ಲಿ ಪ್ರಕಟಿಸಿದ್ದನೆಂಬುದನ್ನೂ ಇಲ್ಲಿ ಸ್ಮರಿಸುವುದು ನ್ಯಾಯ.

ಕೀರ್ತಿಯು ಬ್ಯಾಂಟಿಂಗನಿಗೆ ನೆಮ್ಮದಿಯನ್ನು ತರಲಿಲ್ಲ. ಕೆನಡಾದ ಸಂಸತ್ತು ಅವನಿಗೆ ಜೀವಾವಧಿ ವರ್ಷಾಶನವನ್ನು ಕೊಟ್ಟಿತು; ೧೯೩೪ರಲ್ಲಿ ಸರ್ ಪದವಿ ಬಂದಿತು. ಜನರ ಮುತ್ತಿಗೆಯಿಂದ ತಪ್ಪಿಸಿಕೊಳ್ಳಲು ಅವನು ಚಿತ್ರಕಲೆಯನ್ನು ಆಶ್ರಯಿಸಿದನು. ಹೆಸರಾಂತ ಚಿತ್ರಕಾರ ಎ. ವೈ. ಜಾಕ್ಸನ್ ಅವನ ಗೆಳೆಯ. ಇಬ್ಬರೂ ೧೯೨೭ರಲ್ಲಿ ಉತ್ತರಧ್ರುವ ಪ್ರದೇಶದ ಹಿಮರಾಶಿಯ ನಡುವೆ ಸಂಚರಿಸಿ ಚಿತ್ರಗಳನ್ನು ಬರೆದರು. ಎರಡನೆಯ ಮಹಾಯುದ್ಧವು ಪ್ರಾರಂಭವಾದಾಗ ಬ್ಯಾಂಟಿಂಗನು ವಿಮಾನ ಚಾಲಕರ ಆರೋಗ್ಯಕ್ಕೆ ಸಂಬಂಧಿಸಿದ ಸಂಶೋಧನೆಗಳಿಗೆ ಬೆಂಬಲವಾಗಿ ನಿಂತನು. ಆ ಕಾರ್ಯಕ್ಕಾಗಿಯೇ ೧೯೪೧ರ ಫೆಬ್ರವರಿ ೨೦ರಂದು ಅವನು ಇಂಗ್ಲೆಂಡಿಗೆ ವಿಮಾನದಲ್ಲಿ ಹೊರಟನು. ವಿಮಾನವು ಕೆಟ್ಟು ನ್ಯೂಫೌಂಡ್‌ಲೆಂಡಿನ ಹಿಮಾವೃತ ಕಾಡಿನಲ್ಲಿ ಬಿದ್ದಿತು. ತೀವ್ರವಾಗಿ ಗಾಯಗೊಂಡ ಬ್ಯಾಂಟಿಂಗನು ಮರುದಿನ ಅಸುನೀಗಿದನು. ಆಗ ಅವನಿಗೆ ೪೯ ವರ್ಷ.

ಇನ್ಸುಲಿನ್ ಮಧುಮೇಹವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಬೇರುಸಹಿತ ಕೀಳುವುದಿಲ್ಲ. ಆದುದರಿಂದ ವಿಜ್ಞಾನಿಗಳು ಅಲ್ಲಿಗೆ ನಿಲ್ಲಲಿಲ್ಲ. ಸ್ರಾವವನ್ನು ದಿನದಿನವೂ ಚುಚ್ಚುವುದಕ್ಕೆ ಬದಲಾಗಿ, ಅದನ್ನು ಸ್ರವಿಸುವ ಕಿರುದ್ವೀಪಗಳನ್ನೇ ಶರೀರದಲ್ಲಿ ನೆಲೆಗೊಳಿಸಬಾರದೇಕೆ ಎಂದು ಅವರು ಯೋಚಿಸಿದರು. ೧೯೬೭ರಲ್ಲಿ ಅಮೆರಿಕದ ಪಾಲ್ ಲೇಸಿ ಎಂಬ ವಿಜ್ಞಾನಿಯು ಕಿಣ್ವದ ಸಹಾಯದಿಂದ ಇಲಿಯ ಗ್ರಂಥಿಯೊಳಗಿನ ದ್ವೀಪಗಳನ್ನು ಬಿಡಿಸಿ ತೆಗೆಯುವ ಕ್ರಮವನ್ನು ತೋರಿಸಿಕೊಟ್ಟನು. ೧೯೭೭ರಲ್ಲಿ ಮಿನಸೋಟಾ ವಿಶ್ವವಿದ್ಯಾನಿಲಯದ ಶಸ್ತ್ರವೈದ್ಯರು ಇದನ್ನು ಮನುಷ್ಯರ ಚಿಕಿತ್ಸೆಗೆ ಬಳಸಿದರು. ಮೇದೋಜೀರಕ ಗ್ರಂಥಿಯು ಬಹುಕಾಲ ಊದಿಕೊಂಡು ಸಹಿಸಲಾಗದ ನೋವನ್ನುಂಟುಮಾಡುವ ಒಂದು ರೋಗವಿದೆ. ಬೇರೆ ದಾರಿಯಿಲ್ಲದಾಗ ಇಡೀ ಗ್ರಂಥಿಯನ್ನೇ ತೆಗೆಯಬೇಕಾಗುತ್ತದೆ. ತೆಗೆದರೆ, ಮಿಂಕೋವ್‌ಸ್ಕಿಯ ನಾಯಿಗೆ ಆದಂತೆಯೇ, ರೋಗಿಗೆ ಮಧುಮೇಹ ತಪ್ಪದು. ಇದನ್ನು ನಿವಾರಿಸಲು, ತೆಗೆದ ಗ್ರಂಥಿಯಿಂದ ದ್ವೀಪಗಳನ್ನು ಬೇರ್ಪಡಿಸಿ, ರಕ್ತನಾಳದ ಮೂಲಕ ಅದೇ ರೋಗಿಯ ಪಿತ್ತಜನಕಾಂಗಕ್ಕೆ ಹರಿಸುತ್ತಾರೆ. ಅಲ್ಲಿ ಅವು ನೆಲೆಯೂರಿ ಇನ್ಸುಲಿನ್ನನ್ನು ಸ್ರವಿಸತೊಡಗುತ್ತವೆ. ತನ್ನವೇ ಆದ ಕೋಶಗಳಾದುದರಿಂದ ಶರೀರವು ಅವನ್ನು ತಿರಸ್ಕರಿಸುವುದಿಲ್ಲ. ಹೀಗೆ ಚಿಕಿತ್ಸೆ ಪಡೆದವರಲ್ಲಿ ಕೆಲವರಿಗೆ ಇನ್ಸುಲಿನ್ ಬೇಕಾಗುವುದೇ ಇಲ್ಲ. ಉಳಿದವರಲ್ಲಿ ಅನೇಕರಿಗೆ ಕಡಮೆ ಪ್ರಮಾಣದಲ್ಲಿ ಸಾಕಾಗುತ್ತದೆ. ೨೦೦೦ದಲ್ಲಿ, ಮೃತರಾದ ದಾನಿಗಳ ದ್ವೀಪಗಳನ್ನು ಏಳು ಮಂದಿ ಮಧುಮೇಹಿಗಳಿಗೆ ಕಸಿಮಾಡಿ ಅವರು ಇನ್ಸುಲಿನ್ನಿನ ಹಂಗಿಲ್ಲದೆ ಬಾಳುವಂತೆ ಮಾಡಿದ ಸುದ್ದಿ ಪ್ರಕಟವಾಯಿತು. ಆ ಕಾರ್ಯ ನಡೆದುದು ಎಡ್ಮಂಟನ್ ನಗರದಲ್ಲಿ. ಕಾಲಿಪನು ಬಂದಿದ್ದ ವಿಶ್ವವಿದ್ಯಾನಿಲಯದಲ್ಲಿ.

ಇಂಥ ಶಸ್ತ್ರಕ್ರಿಯೆಯು ಒಬ್ಬರಿಂದ ಆಗುವ ಕೆಲಸವಲ್ಲ. ಗ್ರಂಥಿಯನ್ನು ತೆಗೆಯುವ ಶಸ್ತ್ರವೈದ್ಯರು, ಅರಿವಳಿಕೆ ಕೊಡುವವರು, ಪ್ರಯೋಗಶಾಲೆಯಲ್ಲಿ ಗಂಟೆಗಟ್ಟಲೆ ನಿಂತು ದ್ವೀಪಗಳನ್ನು ಬಿಡಿಸುವ ತಂತ್ರಜ್ಞರು, ರಕ್ತದ ಸಕ್ಕರೆಯನ್ನು ಕಾಯುವ ವೈದ್ಯರು, ನೋವನ್ನು ಶಮನಗೊಳಿಸುವ ತಜ್ಞರು, ಪಥ್ಯವನ್ನು ಗೊತ್ತುಮಾಡುವವರು, ಹಗಲಿರುಳು ಬಳಿಯಲ್ಲಿರುವ ದಾದಿಯರು, ಇವರೆಲ್ಲರ ಕೈ ಕೂಡಬೇಕು. ಒಬ್ಬರ ಎಚ್ಚರ ತಪ್ಪಿದರೂ ಎಲ್ಲರ ಶ್ರಮ ವ್ಯರ್ಥ. ೧೯೨೨ರಲ್ಲಿ ನಾಲ್ವರು ಜಗಳವಾಡುತ್ತಲೇ ಕಲಿತ ಪಾಠವನ್ನು ಇಂದಿನ ಆಸ್ಪತ್ರೆಗಳ ತಂಡಗಳು ನಿತ್ಯದ ನಿಯಮವಾಗಿ ಪಾಲಿಸುತ್ತಿವೆ.

ಬ್ಯಾಂಟಿಂಗನು ಹುಟ್ಟಿದ ನವೆಂಬರ್ ೧೪ನ್ನು ಇಂದು ವಿಶ್ವ ಮಧುಮೇಹ ದಿನವನ್ನಾಗಿ ಆಚರಿಸಲಾಗುತ್ತಿದೆ. ಲಂಡನ್ ಪಟ್ಟಣದಲ್ಲಿ ಅವನು ವಾಸವಾಗಿದ್ದ ಮನೆಯು ಸ್ಮಾರಕವಾಗಿದೆ. ಅದರ ಬಳಿ ೧೯೮೯ರಲ್ಲಿ ಜ್ಯೋತಿಯೊಂದನ್ನು ಹೊತ್ತಿಸಲಾಯಿತು. ಮಧುಮೇಹವನ್ನು ಪೂರ್ತಿಯಾಗಿ ಗುಣಪಡಿಸುವ ಮಾರ್ಗವು ದೊರೆತ ದಿನ ಅದನ್ನು ಆರಿಸಬೇಕೆಂಬುದು ಸಂಕಲ್ಪ. ರೋಗಿಗಳಿಲ್ಲದೆ ಬಾಗಿಲು ಕಾಯುತ್ತಿದ್ದ ಬಡ ವೈದ್ಯನು ತಂಗಿದ್ದ ಆ ಮನೆಯ ಮುಂದೆ ಈ ಜ್ಯೋತಿಯು ಉರಿಯುತ್ತ, ತನ್ನನ್ನು ಆರಿಸಬಲ್ಲವರ ದಾರಿಯನ್ನು ಕಾಯುತ್ತಿದೆ.

ಅಭ್ಯಾಸ

೧. ಮಧುಮೇಹವೆಂಬ ಹೆಸರು ಹೇಗೆ ಬಂದಿತು?
೨. ಇನ್ಸುಲಿನ್ನಿನ ಶೋಧಕ್ಕೆ ಮೊದಲು ಮಧುಮೇಹಿಗಳಾದ ಮಕ್ಕಳ ಸ್ಥಿತಿ ಹೇಗಿತ್ತು?
೩. ಬ್ಯಾಂಟಿಂಗನಿಗೆ ನಡುರಾತ್ರಿಯಲ್ಲಿ ಹೊಳೆದ ವಿಚಾರ ಯಾವುದು? ಅದು ಮುಂದೆ ಅನಾವಶ್ಯಕವೆಂದು ತೋರಿದುದೇಕೆ?
೪. ಇನ್ಸುಲಿನ್ನಿನ ಶೋಧದಲ್ಲಿ ಮೆಕ್ಲೌಡ್, ಬೆಸ್ಟ್, ಕಾಲಿಪ್ ಇವರ ಪಾತ್ರವನ್ನು ವಿವರಿಸಿರಿ.
೫. ಕಿರುದ್ವೀಪಗಳ ಕಸಿಯು ಒಬ್ಬರಿಂದ ಆಗುವ ಕೆಲಸವಲ್ಲವೇಕೆ?
೬. ಬ್ಯಾಂಟಿಂಗನ ಗುಣದೋಷಗಳನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.